ಸ್ಮಾರ್ಟ್‌ವಾಚ್ ಫೋನಿಗೆ ಕನೆಕ್ಟ್ ಆಗ್ತಿಲ್ವಾ? ಆ್ಯಪ್ ಅಳಿಸುವ ಮೊದಲು ಇಷ್ಟು ನೋಡಿ

"ವಾಚು ಚೆನ್ನಾಗಿಯೇ ಇದೆ, ಟೈಮ್ ತೋರಿಸುತ್ತದೆ, ಹೆಜ್ಜೆ ಎಣಿಸುತ್ತದೆ. ಆದರೆ ಫೋನಿನಲ್ಲಿ ಆ್ಯಪ್ ತೆಗೆದರೆ ಡಿಸ್ಕನೆಕ್ಟೆಡ್ ಅಂತ ಬರುತ್ತದೆ. ಏನು ಮಾಡಲಿ?"

ಶಿರಸಿ, ಕುಮಟಾ, ಕಾರವಾರ, ಎಲ್ಲ ಕಡೆಯಿಂದ ಓದುಗರು ಕೇಳುವುದು ಇದನ್ನೇ. ಕೇಳುವ ರೀತಿ ಬೇರೆ, ಅಷ್ಟೇ. ಒಬ್ಬರಿಗೆ ವಾಟ್ಸ್‌ಆ್ಯಪ್ ಮೆಸೇಜ್ ವಾಚಿಗೆ ಬರುತ್ತಿಲ್ಲ. ಇನ್ನೊಬ್ಬರಿಗೆ ಬೆಳಿಗ್ಗೆ ಸರಿ ಇದ್ದದ್ದು ಮಧ್ಯಾಹ್ನದ ಹೊತ್ತಿಗೆ ಕಡಿದುಹೋಗುತ್ತದೆ. ಮತ್ತೊಬ್ಬರು ಹೊಸ ಫೋನ್ ತಗೊಂಡಿದ್ದಾರೆ, ಅದರಲ್ಲಿ ವಾಚೇ ಕಾಣುತ್ತಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರೆಯುವ ಬದಲು, ಆಂಡ್ರಾಯ್ಡ್ ಫೋನ್ ಇರುವವರಿಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ದಯವಿಟ್ಟು ಆ್ಯಪ್ ಅಳಿಸಬೇಡಿ. ಹೆಚ್ಚಿನವರು ಮಾಡುವ ಮೊದಲ ಕೆಲಸವೇ ಅದು. ವಾಚು ತನ್ನೊಳಗೆ ಕೆಲವು ದಿನಗಳ ಲೆಕ್ಕವನ್ನಷ್ಟೇ ಇಟ್ಟುಕೊಳ್ಳುತ್ತದೆ. ಹಳೆಯ ಹೆಜ್ಜೆ, ನಿದ್ದೆ, ಹೃದಯ ಬಡಿತದ ಲೆಕ್ಕವೆಲ್ಲ ಆ್ಯಪ್‌ನಲ್ಲಿರುತ್ತದೆ. ನೀವು ಇಮೇಲ್ ಅಥವಾ ಮೊಬೈಲ್ ನಂಬರ್ ಕೊಟ್ಟು ಲಾಗಿನ್ ಆಗದೆ, 'ಗೆಸ್ಟ್' ಅಂತ ಬಳಸುತ್ತಿದ್ದರೆ ಆ ಲೆಕ್ಕ ಇರುವುದು ಆ ಫೋನಿನಲ್ಲಿ ಮಾತ್ರ. ಆ್ಯಪ್ ಅಳಿಸಿದರೆ ಅದೂ ಹೋಯಿತು. ಅಲ್ಲದೆ ಮತ್ತೆ ಹಾಕಿದ ಆ್ಯಪ್‌ಗೆ ಎಲ್ಲ ಪರ್ಮಿಷನ್ನುಗಳನ್ನೂ ಮೊದಲಿನಿಂದ ಕೊಡಬೇಕು. ತೊಂದರೆ ಇದ್ದದ್ದೇ ಪರ್ಮಿಷನ್ನಿನಲ್ಲಿ ಆಗಿದ್ದರೆ ತಿರುಗಿ ಅಲ್ಲಿಗೇ ಬಂದು ನಿಲ್ಲುತ್ತೀರಿ.

ಏನೇನು ಬೇಕು

ಅರ್ಧ ಗಂಟೆ ಬಿಡುವು ಬೇಕು. ಫೋನು, ವಾಚು ಎರಡರಲ್ಲೂ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇರಲಿ. ಮಳೆಗಾಲದಲ್ಲಿ ಘಟ್ಟದ ಮೇಲಿನ ಊರುಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು, ಹಾಗಾಗಿ ಚಾರ್ಜ್ ಮಾಡಿಕೊಂಡೇ ಕೂರಿ. ಇಂಟರ್ನೆಟ್ ಬೇಕು. ಆ್ಯಪ್‌ಗೆ ಲಾಗಿನ್ ಆದ ಇಮೇಲ್ ಅಥವಾ ನಂಬರ್ ನೆನಪಿರಲಿ. ವಾಚಿನ ಡಬ್ಬಿ ಇದ್ದರೆ ಹತ್ತಿರ ಇಟ್ಟುಕೊಳ್ಳಿ.

ನಿಮ್ಮ ಫೋನಿನ ಆಂಡ್ರಾಯ್ಡ್ ಎಷ್ಟನೆಯದು ಅಂತಲೂ ನೋಡಿಕೊಳ್ಳಿ. ಸೆಟ್ಟಿಂಗ್ಸ್ ತೆರೆದು 'ಅಬೌಟ್ ಫೋನ್' ಒತ್ತಿದರೆ ಸಿಗುತ್ತದೆ. 11 ಅಥವಾ ಅದಕ್ಕಿಂತ ಹಳೆಯದೋ, 12 ಅಥವಾ ಅದಕ್ಕಿಂತ ಹೊಸದೋ ಅನ್ನುವುದು ಮುಂದೆ ಬೇಕಾಗುತ್ತದೆ.

ಇನ್ನೊಂದು, ಆ್ಯಪ್ ಸರಿಯಾದದ್ದೇ ಹೌದಾ ನೋಡಿ. ಕಡಿಮೆ ಬೆಲೆಯ ವಾಚುಗಳಲ್ಲಿ ಒಂದೇ ಕಂಪನಿಯ ಎರಡು ಮಾಡೆಲ್ಲಿಗೆ ಎರಡು ಬೇರೆ ಆ್ಯಪ್ ಇರುವುದುಂಟು. ಡಬ್ಬಿಯ ಮೇಲೆ ಅಥವಾ ಒಳಗಿನ ಚೀಟಿಯಲ್ಲಿ ಹೆಸರು ಬರೆದಿರುತ್ತದೆ. ಆ ಹೆಸರನ್ನೇ ಪ್ಲೇ ಸ್ಟೋರ್‌ನಲ್ಲಿ ಹುಡುಕಿ. ಆ್ಯಪಲ್ ವಾಚ್ ಆಂಡ್ರಾಯ್ಡ್ ಫೋನಿನ ಜೊತೆ ಕೆಲಸ ಮಾಡುವುದಿಲ್ಲ. ಯಾರಾದರೂ ವಿದೇಶದಿಂದ ತಂದುಕೊಟ್ಟಿದ್ದರೆ ಅದಕ್ಕಾಗಿ ಒದ್ದಾಡಬೇಡಿ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್‌ಗಳಿಗೆ 'ಗ್ಯಾಲಕ್ಸಿ ವೇರಬಲ್' ಆ್ಯಪ್ ಬೇಕು. 2021ರಲ್ಲಿ ಬಂದ ಗ್ಯಾಲಕ್ಸಿ ವಾಚ್ 4 ಮತ್ತು ಆಮೇಲಿನವು ಆಂಡ್ರಾಯ್ಡ್‌ಗೆ ಮಾತ್ರ.

1. ಕೊಂಡಿ ಎಲ್ಲಿ ಕಳಚಿದೆ, ಮೊದಲು ಅದನ್ನು ಹಿಡಿಯಿರಿ

ವಾಚಿನಿಂದ ಫೋನಿನ ಆ್ಯಪ್‌ಗೆ ಬರುವುದು ಬ್ಲೂಟೂತ್ ಮೂಲಕ. ಆ್ಯಪ್‌ನಿಂದ ಕಂಪನಿಯ ಸರ್ವರ್‌ಗೆ ಹೋಗುವುದು ಇಂಟರ್ನೆಟ್ ಮೂಲಕ. ಈ ಎರಡನ್ನೂ ಒಂದೇ ಅಂದುಕೊಂಡು ತುಂಬಾ ಜನ ದಾರಿ ತಪ್ಪುತ್ತಾರೆ.

ಆ್ಯಪ್ ತೆರೆಯಿರಿ. ಮೊದಲ ಪುಟವನ್ನು ಬೆರಳಿನಿಂದ ಕೆಳಗೆ ಎಳೆಯಿರಿ. ಇದಕ್ಕೆ ಸಿಂಕ್ ಮಾಡುವುದು ಅನ್ನುತ್ತಾರೆ, ಅಂದರೆ ವಾಚಿನ ಲೆಕ್ಕವನ್ನು ಫೋನಿಗೆ ತರಿಸಿಕೊಳ್ಳುವುದು. ಇವತ್ತಿನ ಹೆಜ್ಜೆ ಬಂದರೆ ಬ್ಲೂಟೂತ್ ಸರಿ ಇದೆ. ಹೆಜ್ಜೆ ಬಂತು, ಮೆಸೇಜ್ ಮಾತ್ರ ಬರುತ್ತಿಲ್ಲ ಅಂದರೆ ನೇರವಾಗಿ 5ನೇ ಹಂತಕ್ಕೆ ಹೋಗಿ. ಆ್ಯಪ್ ತೆರೆದಿದ್ದಾಗ ಸರಿ ಇರುತ್ತದೆ, ಮುಚ್ಚಿದ ಮೇಲೆ ಸ್ವಲ್ಪ ಹೊತ್ತಿಗೆ ಕಡಿಯುತ್ತದೆ ಅಂದರೆ 4ನೇ ಹಂತ ನಿಮ್ಮದು. ಏನೂ ಬರುತ್ತಿಲ್ಲ, ವಾಚೇ ಸಿಗುತ್ತಿಲ್ಲ ಅಂದರೆ 2ರಿಂದ ಶುರು ಮಾಡಿ. ಲಾಗಿನ್ ಆಗುತ್ತಿಲ್ಲ, ಓಟಿಪಿ ಬರುತ್ತಿಲ್ಲ ಅಂದರೆ ಅದು ನೆಟ್‌ವರ್ಕ್ ತೊಂದರೆ. ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ ನೋಡಿ.

ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಹೋಗುವಾಗ ವಾಚಿಗೆ ಕಾಲ್ ಬರಲಿಲ್ಲ ಅಂತ ಬರೆಯುತ್ತಾರೆ. ಫೋನಿಗೇ ಸಿಗ್ನಲ್ ಇಲ್ಲದಿದ್ದರೆ ವಾಚಿಗೆ ಎಲ್ಲಿಂದ ಬರಬೇಕು? ಬ್ಲೂಟೂತ್‌ಗೆ ಮೊಬೈಲ್ ಸಿಗ್ನಲ್ ಬೇಡ. ಹೆಜ್ಜೆ, ಬಡಿತ ಎಲ್ಲ ಘಟ್ಟದಲ್ಲೂ ದಾಖಲಾಗುತ್ತಲೇ ಇರುತ್ತದೆ.

ದೂರವನ್ನೂ ಲೆಕ್ಕಕ್ಕೆ ತಗೊಳ್ಳಿ. ಇಂಥ ವಾಚುಗಳ ಬ್ಲೂಟೂತ್ ಬಯಲಿನಲ್ಲಿ ಸುಮಾರು 10 ಮೀಟರ್ ಎಟುಕುತ್ತದೆ. ಮಧ್ಯೆ ದಪ್ಪ ಚಿರೆಕಲ್ಲಿನ ಗೋಡೆ ಬಂದರೆ ಇನ್ನೂ ಕಡಿಮೆ. ಫೋನನ್ನು ಜಗುಲಿಯಲ್ಲಿಟ್ಟು ಅಡಿಕೆ ತೋಟಕ್ಕೆ ಇಳಿದರೆ ಕಡಿಯಲೇಬೇಕು. ತಿರುಗಿ ಮನೆಗೆ ಬಂದ ಮೇಲೆ ತಾನಾಗಿ ಸೇರಿಕೊಂಡು, ತೋಟದಲ್ಲಿ ನಡೆದ ಹೆಜ್ಜೆಯೆಲ್ಲ ಆ್ಯಪ್‌ಗೆ ಬಂದರೆ ನಿಮ್ಮ ವಾಚು ಸರಿ ಇದೆ.

2. ಎರಡನ್ನೂ ರೀಸ್ಟಾರ್ಟ್ ಮಾಡಿ, ಹಳೆ ಫೋನ್ ಹುಡುಕಿ

ಫೋನನ್ನು ರೀಸ್ಟಾರ್ಟ್ ಮಾಡಿ. ವಾಚನ್ನೂ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಮಾಡಿ. ಅಲ್ಲೇ ಪಕ್ಕದಲ್ಲಿ 'ರೀಸೆಟ್' ಅಂತ ಇರುತ್ತದೆ. ಅದನ್ನು ಒತ್ತಬೇಡಿ, ವಾಚಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ವಾಚಿನಲ್ಲಿ ಏರೋಪ್ಲೇನ್ ಮೋಡ್ ಅಥವಾ ಬ್ಯಾಟರಿ ಉಳಿಸುವ ಮೋಡ್ ಆನ್ ಆಗಿದ್ದರೆ ಆಫ್ ಮಾಡಿ. ಸ್ನಾನ ಮಾಡುವಾಗ ನೀರು ಬಿದ್ದೋ, ಅಂಗಿಯ ತೋಳು ತಾಗಿಯೋ ಅದು ಆನ್ ಆಗಿರುವುದುಂಟು.

ಸಿದ್ದಾಪುರದಲ್ಲಿರುವ ನಮ್ಮ ಸೋದರತ್ತೆ ಒಂದು ಸಲ ಫೋನ್ ಮಾಡಿದ್ದರು. "ಹೊಸಾ ಫೋನಲ್ಲಿ ವಾಚು ಕಾಣ್ತೇ ಇಲ್ಲೆ" ಅಂತ. ಎಲ್ಲ ನೋಡಿ ಆಯಿತು, ಏನೂ ಸಿಗಲಿಲ್ಲ. ಕೊನೆಗೆ ಹಳೆ ಫೋನ್ ಎಲ್ಲಿ ಅಂತ ಕೇಳಿದೆ. ಒಳಗಿನ ಕೋಣೆಯಲ್ಲಿ ಮೊಮ್ಮಗ ಅದರಲ್ಲಿ ಗೇಮ್ ಆಡುತ್ತಿದ್ದ. ಸಿಮ್ ತೆಗೆದಿದ್ದರು, ಆದರೆ ಬ್ಲೂಟೂತ್ ಆನ್ ಇತ್ತು, ಹಳೆ ಆ್ಯಪ್ ಹಾಗೇ ಇತ್ತು. ವಾಚು ಆ ಫೋನನ್ನೇ ಹಿಡಿದು ಕೂತಿತ್ತು. ಅದರ ಬ್ಲೂಟೂತ್ ಆಫ್ ಮಾಡಿದ ಕೂಡಲೇ ಹೊಸ ಫೋನಿನ ಪರದೆಯ ಮೇಲೆ ವಾಚಿನ ಹೆಸರು ಬಂತು.

ಹೆಚ್ಚಿನ ವಾಚುಗಳು ಒಂದು ಹೊತ್ತಿಗೆ ಒಂದೇ ಆ್ಯಪ್ ಜೊತೆ ಸೇರಿರುತ್ತವೆ. ಬೇರೆ ಫೋನಿಗೆ ಸೇರಿರುವ ವಾಚು ನಿಮ್ಮ ಹುಡುಕಾಟಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಮನೆಯಲ್ಲಿರುವ ಹಳೆ ಫೋನು, ಟ್ಯಾಬ್ ಎಲ್ಲದರ ಬ್ಲೂಟೂತ್ ಆಫ್ ಮಾಡಿ ಒಮ್ಮೆ ನೋಡಿ.

3. ಪರ್ಮಿಷನ್ ಸರಿ ಇದೆಯಾ?

ಪರ್ಮಿಷನ್ ಅಂದರೆ ಫೋನಿನಲ್ಲಿರುವ ಒಂದೊಂದು ಸೌಕರ್ಯವನ್ನು ಬಳಸಲು ಆ್ಯಪ್‌ಗೆ ನೀವು ಕೊಡುವ ಒಪ್ಪಿಗೆ. ಸೆಟ್ಟಿಂಗ್ಸ್, ಆ್ಯಪ್ಸ್, ನಿಮ್ಮ ವಾಚಿನ ಆ್ಯಪ್, ಪರ್ಮಿಷನ್ಸ್, ಹೀಗೆ ಹೋಗಿ.

ಆಂಡ್ರಾಯ್ಡ್ 12 ಅಥವಾ ಹೊಸದಾದರೆ 'ನಿಯರ್‌ಬೈ ಡಿವೈಸಸ್' ಅನ್ನುವುದಕ್ಕೆ ಒಪ್ಪಿಗೆ ಇರಲೇಬೇಕು. ಹತ್ತಿರದ ಬ್ಲೂಟೂತ್ ಸಾಧನಗಳನ್ನು ಹುಡುಕಲು ಮತ್ತು ಸೇರಲು ಆ್ಯಪ್‌ಗೆ ಬೇಕಾದದ್ದು ಇದೇ. 6ರಿಂದ 11ರವರೆಗಿನ ಆಂಡ್ರಾಯ್ಡ್‌ನಲ್ಲಿ ಈ ಒಪ್ಪಿಗೆ ಇರಲಿಲ್ಲ. ಅಲ್ಲಿ ಬ್ಲೂಟೂತ್ ಹುಡುಕಾಟಕ್ಕೆ ಲೊಕೇಶನ್ ಒಪ್ಪಿಗೆ ಬೇಕು, ಜೊತೆಗೆ ಫೋನಿನ ಲೊಕೇಶನ್ ಕೂಡ ಆನ್ ಇರಬೇಕು. "ವಾಚಿಗೂ ಲೊಕೇಶನ್‌ಗೂ ಏನು ಸಂಬಂಧ" ಅಂತ ಆಫ್ ಮಾಡಿದವರು ಬಹಳ ಜನ. ಪ್ರಶ್ನೆ ನ್ಯಾಯವಾದದ್ದೇ. ಸುತ್ತಲಿನ ಬ್ಲೂಟೂತ್ ಸಾಧನಗಳನ್ನು ನೋಡಿ ನೀವೆಲ್ಲಿದ್ದೀರಿ ಅಂತ ಊಹಿಸಬಹುದು, ಅದಕ್ಕೇ ಆಂಡ್ರಾಯ್ಡ್ ಎರಡನ್ನೂ ಒಟ್ಟಿಗೆ ಕಟ್ಟಿತ್ತು.

ಕಾಲ್ ಬಂದಾಗ ವಾಚಿನಲ್ಲಿ ಹೆಸರು ಬಾರದೆ ಬರೀ ನಂಬರ್ ಬಂದರೆ ಕಾಂಟ್ಯಾಕ್ಟ್ಸ್ ಒಪ್ಪಿಗೆ ಇಲ್ಲ ಅಂತ ಅರ್ಥ. ಕಾಲ್ ಬಂದದ್ದೇ ಗೊತ್ತಾಗದಿದ್ದರೆ ಫೋನ್ ಮತ್ತು ಕಾಲ್ ಲಾಗ್ ಒಪ್ಪಿಗೆ ನೋಡಿ.

ಅದೇ ಪುಟದಲ್ಲಿ, ಅಥವಾ ಒಂದು ಪುಟ ಹಿಂದೆ, 'ಪಾಸ್ ಆ್ಯಪ್ ಆಕ್ಟಿವಿಟಿ ಇಫ್ ಅನ್‌ಯೂಸ್ಡ್' ಅಂತ ಒಂದು ಗುಂಡಿ ಇರುತ್ತದೆ. ಕೆಲವು ಫೋನಿನಲ್ಲಿ ಮಾತು ಸ್ವಲ್ಪ ಬೇರೆ ಇರಬಹುದು. ಇದನ್ನು ಆಫ್ ಮಾಡಿ. ಕೆಲವು ತಿಂಗಳು ತೆರೆಯದ ಆ್ಯಪ್‌ನ ಒಪ್ಪಿಗೆಗಳನ್ನು ಫೋನ್ ತಾನಾಗಿ ವಾಪಸ್ ತೆಗೆಯುವ ವ್ಯವಸ್ಥೆ ಇದು, 2020ರಲ್ಲಿ ಆಂಡ್ರಾಯ್ಡ್ 11ರ ಜೊತೆ ಬಂತು. ವಾಚಿನ ಆ್ಯಪ್ ನಾವು ದಿನಾ ತೆರೆಯುವ ಆ್ಯಪ್ ಅಲ್ಲವಲ್ಲ. ಬೇಕಾದ್ದನ್ನು ವಾಚಿನಲ್ಲೇ ನೋಡುತ್ತೇವೆ. "ಏನೂ ಮುಟ್ಟಲಿಲ್ಲ, ಒಂದಿನ ತಾನಾಗಿ ನಿಂತಿತು" ಅನ್ನುವವರು ಮೊದಲು ನೋಡಬೇಕಾದ ಜಾಗ ಇದು.

4. ಫೋನ್ ಆ್ಯಪನ್ನು ಮಲಗಿಸದಂತೆ ಮಾಡಿ

ನನ್ನ ಅನುಭವದಲ್ಲಿ ಹೆಚ್ಚಿನ ದೂರುಗಳ ಮೂಲ ಇಲ್ಲಿದೆ. ಬ್ಯಾಟರಿ ಉಳಿಸಲು ಫೋನು, ತೆರೆಯ ಹಿಂದೆ ಕೆಲಸ ಮಾಡುವ ಆ್ಯಪ್‌ಗಳನ್ನು ಮಲಗಿಸುತ್ತದೆ. 2015ರ ಆಂಡ್ರಾಯ್ಡ್ 6ರಿಂದಲೇ ಈ ಏರ್ಪಾಡು ಇದೆ. ಅದರ ಮೇಲೆ ಫೋನ್ ಕಂಪನಿಗಳು ತಮ್ಮದೇ ಕಟ್ಟುನಿಟ್ಟು ಸೇರಿಸಿವೆ. ಹೆಚ್ಚಿನ ಆ್ಯಪ್‌ಗಳಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ವಾಚಿನ ಆ್ಯಪ್ ಇಡೀ ದಿನ ಎಚ್ಚರ ಇರಬೇಕು. ಅದು ಮಲಗಿದರೆ ವಾಚಿನ ಜೊತೆ ಮಾತಾಡುವವರು ಯಾರೂ ಇಲ್ಲ.

ಎಲ್ಲಿ ಬದಲಾಯಿಸಬೇಕು ಅನ್ನುವುದು ಫೋನಿನ ಮೇಲೆ ಹೋಗುತ್ತದೆ.

ಸ್ಯಾಮ್‌ಸಂಗ್: ಸೆಟ್ಟಿಂಗ್ಸ್, ಬ್ಯಾಟರಿ, 'ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್'. ಅಲ್ಲಿ 'ಸ್ಲೀಪಿಂಗ್' ಮತ್ತು 'ಡೀಪ್ ಸ್ಲೀಪಿಂಗ್' ಅಂತ ಎರಡು ಪಟ್ಟಿ ಇರುತ್ತವೆ. ವಾಚಿನ ಆ್ಯಪ್ ಅದರಲ್ಲಿದ್ದರೆ ತೆಗೆದು, ಯಾವತ್ತೂ ಮಲಗಬಾರದ ಆ್ಯಪ್‌ಗಳ ಪಟ್ಟಿಗೆ ಸೇರಿಸಿ.

ಶಿಯೋಮಿ, ರೆಡ್ಮಿ, ಪೋಕೋ: ಆ್ಯಪ್‌ನ ಮಾಹಿತಿ ಪುಟದಲ್ಲಿ (ಸೆಟ್ಟಿಂಗ್ಸ್, ಆ್ಯಪ್ಸ್, ನಿಮ್ಮ ವಾಚಿನ ಆ್ಯಪ್) 'ಆಟೋಸ್ಟಾರ್ಟ್' ಆನ್ ಮಾಡಿ. ಅದೇ ಪುಟದ 'ಬ್ಯಾಟರಿ ಸೇವರ್'ನಲ್ಲಿ 'ನೋ ರಿಸ್ಟ್ರಿಕ್ಷನ್ಸ್' ಆರಿಸಿ. ಒಂದನ್ನೇ ಮಾಡಿದರೆ ಸಾಲದು.

ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್: ಆ್ಯಪ್‌ನ ಮಾಹಿತಿ ಪುಟದ ಬ್ಯಾಟರಿ ಭಾಗಕ್ಕೆ ಹೋಗಿ. ಹಿನ್ನೆಲೆಯಲ್ಲಿ ಕೆಲಸ ಮಾಡಲು ಬಿಡುವ ಗುಂಡಿ, ತಾನಾಗಿ ಶುರುವಾಗಲು ಬಿಡುವ 'ಆಟೋ ಲಾಂಚ್' ಗುಂಡಿ, ಎರಡನ್ನೂ ಆನ್ ಮಾಡಿ.

ವಿವೋ, ಐಕ್ಯೂ: ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕ್‌ಗ್ರೌಂಡ್ ಪವರ್ ಬಗ್ಗೆ ಒಂದು ಪಟ್ಟಿ ಇರುತ್ತದೆ. ಅಲ್ಲಿ ವಾಚಿನ ಆ್ಯಪ್‌ಗೆ ಅನುಮತಿ ಕೊಡಿ. ಪರ್ಮಿಷನ್ಸ್‌ನಲ್ಲಿ ಆಟೋಸ್ಟಾರ್ಟ್ ಕೂಡ ನೋಡಿ.

ಪಿಕ್ಸೆಲ್, ಮೋಟೊರೊಲಾ: ಆ್ಯಪ್‌ನ ಮಾಹಿತಿ ಪುಟದಲ್ಲಿ ಬ್ಯಾಟರಿ ಒತ್ತಿ 'ಅನ್‌ರಿಸ್ಟ್ರಿಕ್ಟೆಡ್' ಆರಿಸಿ.

ಫೋನ್ ಅಪ್‌ಡೇಟ್ ಆದಾಗ ಈ ಜಾಗಗಳ ಹೆಸರು ಬದಲಾಗುವುದುಂಟು. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪೆಟ್ಟಿಗೆಯಲ್ಲಿ ಬ್ಯಾಟರಿ ಅಂತ ಹಾಕಿ ನೋಡಿ.

ಇಷ್ಟು ಮಾಡಿದ ಮೇಲೂ ಒಂದು ಅಭ್ಯಾಸ ಎಲ್ಲವನ್ನೂ ಕೆಡಿಸಬಹುದು. ತೆರೆದಿರುವ ಆ್ಯಪ್‌ಗಳ ಸಾಲಿಗೆ ಹೋಗಿ 'ಕ್ಲಿಯರ್ ಆಲ್' ಒತ್ತುವುದು. ಕೆಲವು ಫೋನುಗಳಲ್ಲಿ ಹಾಗೆ ಮಾಡಿದರೆ ವಾಚಿನ ಆ್ಯಪ್ ಕೂಡ ಪೂರ್ತಿ ನಿಲ್ಲುತ್ತದೆ. ಅದೇ ಸಾಲಿನಲ್ಲಿ ವಾಚಿನ ಆ್ಯಪನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಬೀಗದ ಚಿಹ್ನೆ ಬರುತ್ತದೆ. ಬೀಗ ಹಾಕಿಬಿಡಿ. ಆಮೇಲೆ ಎಷ್ಟು ಸಲ ಕ್ಲಿಯರ್ ಮಾಡಿದರೂ ಅದು ಉಳಿಯುತ್ತದೆ. ನೋಟಿಫಿಕೇಶನ್ ಸಾಲಿನಲ್ಲಿ ಯಾವಾಗಲೂ ಕಾಣುವ 'ವಾಚ್ ಕನೆಕ್ಟೆಡ್' ಅನ್ನುವ ಗೆರೆಯನ್ನೂ ಕಿರಿಕಿರಿ ಅಂತ ಬಂದ್ ಮಾಡಬೇಡಿ. ಆ್ಯಪ್ ಎಚ್ಚರ ಇದೆ ಅನ್ನುವುದಕ್ಕೆ ಗುರುತು ಅದು.

ಇದರ ಇನ್ನೊಂದು ರೂಪ ನನಗೆ ಕಾರವಾರದಲ್ಲಿ ಸಿಕ್ಕಿತು. ಕೋಡಿಬಾಗದಿಂದ ಬೈತಖೋಲದ ಕಡೆಗೆ ಕಡಲ ದಡದಲ್ಲಿ ನಡೆದಿದ್ದೆ. ಮನೆಗೆ ಬಂದು ನಕ್ಷೆ ನೋಡಿದರೆ ಶುರುವಿನ ಸ್ವಲ್ಪ ದೂರ ದಡದ ಮೇಲೆ ಸರಿಯಾಗಿ ಬಂದಿತ್ತು. ಆಮೇಲೆ ಒಂದೇ ನೇರ ಗೆರೆ, ನೀರಿನ ಮೇಲೆ ಹಾದು ಕೊನೆಯ ಜಾಗಕ್ಕೆ ಮುಟ್ಟಿತ್ತು. ನನ್ನ ವಾಚಿನಲ್ಲಿ ಸ್ವಂತ ಜಿಪಿಎಸ್ ಇಲ್ಲ, ಫೋನಿನ ಜಿಪಿಎಸ್ ಬಳಸುತ್ತದೆ. ಫೋನಿನ ಪರದೆ ಆರಿದ ಮೇಲೆ ಆ್ಯಪ್ ಮಲಗಿತ್ತು. ಕೊನೆಯಲ್ಲಿ ನಾನು ಫೋನ್ ತೆರೆದಾಗ ಎದ್ದು, ಎರಡು ಬಿಂದುಗಳನ್ನು ಜೋಡಿಸಿತ್ತು. ನಿಮ್ಮ ನಕ್ಷೆಯಲ್ಲೂ ಹೀಗೆ ನೇರ ಗೆರೆ ಬಂದರೆ ಬ್ಯಾಟರಿ ಸೆಟ್ಟಿಂಗ್ ನೋಡಿ. ಲೊಕೇಶನ್ ಒಪ್ಪಿಗೆಯಲ್ಲಿ 'ಯಾವಾಗಲೂ' ಅನ್ನುವುದನ್ನೂ, ನಿಖರ ಲೊಕೇಶನ್ ಅನ್ನುವುದನ್ನೂ ಆರಿಸಿ.

5. ಮೆಸೇಜ್ ವಾಚಿಗೆ ಬರುತ್ತಿಲ್ಲವೇ?

ಒಂದು ಮೆಸೇಜ್ ವಾಚಿಗೆ ಮುಟ್ಟಬೇಕಾದರೆ ಹಲವು ಬಾಗಿಲು ದಾಟಬೇಕು. ಒಂದು ಮುಚ್ಚಿದ್ದರೂ ಅಲ್ಲೇ ನಿಲ್ಲುತ್ತದೆ.

ಮೊದಲು, ಫೋನಿನಲ್ಲೇ ಆ ಮೆಸೇಜಿನ ನೋಟಿಫಿಕೇಶನ್ ಬರಬೇಕು. ಮ್ಯೂಟ್ ಮಾಡಿದ ಗುಂಪಿನ ಮೆಸೇಜ್ ವಾಚಿಗೆ ಬರುವುದಿಲ್ಲ.

ಆಮೇಲೆ 'ನೋಟಿಫಿಕೇಶನ್ ಆಕ್ಸೆಸ್'. ಬೇರೆ ಆ್ಯಪ್‌ಗಳ ನೋಟಿಫಿಕೇಶನ್ ಓದಲು ವಾಚಿನ ಆ್ಯಪ್‌ಗೆ ಕೊಡುವ ವಿಶೇಷ ಒಪ್ಪಿಗೆ ಇದು. ಸಾಮಾನ್ಯ ಪರ್ಮಿಷನ್ನುಗಳ ಪಟ್ಟಿಯಲ್ಲಿ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಈ ಹೆಸರು ಹಾಕಿ. ಆಫ್ ಇದ್ದರೆ ಆನ್ ಮಾಡಿ. ಆನ್ ಇದ್ದರೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆ್ಯಪ್ ಅಪ್‌ಡೇಟ್ ಆದ ಮೇಲೆ ಈ ಕೊಂಡಿ ಒಳಗಿಂದೊಳಗೇ ಕಳಚಿಕೊಂಡು, ಗುಂಡಿ ಮಾತ್ರ ಆನ್ ಅಂತ ತೋರಿಸುವುದುಂಟು. ಬಹಳ ಜನರಿಗೆ ಈ ಒಂದು ಕೆಲಸದಿಂದಲೇ ಸರಿಯಾಗಿದೆ.

ಮೂರನೆಯದು ವಾಚಿನ ಆ್ಯಪ್ ಒಳಗೆ. ಅಲ್ಲಿ ವಾಟ್ಸ್‌ಆ್ಯಪ್, ಎಸ್ಸೆಮ್ಮೆಸ್, ಫೋನ್‌ಪೇ ಹೀಗೆ ಒಂದೊಂದಕ್ಕೂ ಬೇರೆ ಗುಂಡಿ ಇರುತ್ತದೆ. ಬೇಕಾದ್ದನ್ನು ಮಾತ್ರ ಆನ್ ಮಾಡಿ. ಎಲ್ಲವನ್ನೂ ಆನ್ ಮಾಡಿದರೆ ದಿನವಿಡೀ ಕೈ ನಡುಗುತ್ತಲೇ ಇರುತ್ತದೆ, ವಾಚಿನ ಬ್ಯಾಟರಿಯೂ ಬೇಗ ಇಳಿಯುತ್ತದೆ. ಕೊನೆಗೆ ವಾಚಿನಲ್ಲಿ 'ಡು ನಾಟ್ ಡಿಸ್ಟರ್ಬ್' ಅಥವಾ ನಿದ್ದೆಯ ಮೋಡ್ ಆನ್ ಇದೆಯಾ ನೋಡಿ. ಅರ್ಧ ಚಂದ್ರನ ಚಿತ್ರ ಇದ್ದರೆ ಅದೇ.

ಪರೀಕ್ಷೆ ಮಾಡುವಾಗ ಒಂದು ಜಾಗ್ರತೆ. ಫೋನನ್ನು ಕೈಯಲ್ಲಿ ಹಿಡಿದು, ಪರದೆ ಬೆಳಗುತ್ತಿರುವಾಗಲೇ ಮೆಸೇಜ್ ಕಳಿಸಿ ನೋಡಬೇಡಿ. ನೀವು ಫೋನ್ ಬಳಸುತ್ತಿರುವಾಗ ವಾಚಿಗೆ ಕಳಿಸದಂತೆ ಕೆಲವು ವಾಚುಗಳಲ್ಲಿ ಮೊದಲೇ ಹೊಂದಿಸಿರುತ್ತಾರೆ. ಪರದೆ ಆರಿಸಿ ಫೋನನ್ನು ಮೇಜಿನ ಮೇಲಿಡಿ, ಮನೆಯವರ ಹತ್ತಿರ ಮೆಸೇಜ್ ಮಾಡಲು ಹೇಳಿ.

ನೋಟಿಫಿಕೇಶನ್ ಆಕ್ಸೆಸ್ ಒತ್ತಿದರೆ ಮಸುಕಾಗಿ 'ರಿಸ್ಟ್ರಿಕ್ಟೆಡ್ ಸೆಟ್ಟಿಂಗ್' ಅಂತ ಬರುತ್ತಿದೆಯೇ? ಆ್ಯಪನ್ನು ಪ್ಲೇ ಸ್ಟೋರ್‌ನಿಂದ ಹಾಕದೆ ಬೇರೆ ಲಿಂಕಿನಿಂದ ಇಳಿಸಿದ್ದೀರಿ ಅಂತ ಅರ್ಥ. ಆಂಡ್ರಾಯ್ಡ್ 13ರಿಂದ ಇಂಥ ಆ್ಯಪ್‌ಗಳಿಗೆ ಈ ತಡೆ ಇದೆ. ಅದನ್ನು ದಾಟುವ ದಾರಿ ಇದೆ, ಆದರೆ ನಾನು ಹೇಳುವುದು ಬೇರೆ. ಅದೇ ಆ್ಯಪ್ ಪ್ಲೇ ಸ್ಟೋರ್‌ನಲ್ಲಿದ್ದರೆ ಅಲ್ಲಿಂದಲೇ ಹಾಕಿ. ಈ ಒಪ್ಪಿಗೆ ಪಡೆದ ಆ್ಯಪ್ ಬಹಳಷ್ಟು ಫೋನುಗಳಲ್ಲಿ ನಿಮ್ಮ ಬ್ಯಾಂಕಿನ ಓಟಿಪಿ ನೋಟಿಫಿಕೇಶನ್ನನ್ನೂ ಓದಬಲ್ಲದು. ಎಲ್ಲಿಂದಲೋ ಬಂದ ಆ್ಯಪ್‌ಗೆ ಅದನ್ನು ಕೊಡುವುದು ಬೇಡ.

6. ಬ್ಲೂಟೂತ್ ಪಟ್ಟಿಯಲ್ಲಿ ವಾಚಿನ ಹೆಸರು ಎರಡು ಸಲ ಇದ್ದರೆ

ಗಾಬರಿ ಬೇಡ. ಮಾತಾಡಲು ಬರುವ ವಾಚುಗಳಲ್ಲಿ ಎರಡು ರೀತಿಯ ಬ್ಲೂಟೂತ್ ಇರುತ್ತದೆ. ಹೆಜ್ಜೆ, ಮೆಸೇಜ್‌ಗಳಿಗೆ ಕಡಿಮೆ ಬ್ಯಾಟರಿ ತಿನ್ನುವ ಒಂದು. ಕಾಲ್ ಮತ್ತು ಹಾಡಿಗೆ ಇನ್ನೊಂದು. ಹಾಗಾಗಿಯೇ ಕೆಲವರಿಗೆ ಕಾಲ್ ಬರುತ್ತದೆ, ಆ್ಯಪ್ ಮಾತ್ರ ಡಿಸ್ಕನೆಕ್ಟೆಡ್ ಅನ್ನುತ್ತದೆ. ಇನ್ನು ಕೆಲವರಿಗೆ ತಿರುಗಾಮುರುಗಾ.

ಕಾಲ್ ಬಾರದಿದ್ದರೆ ವಾಚಿನೊಳಗೆ ಕಾಲಿಂಗ್ ಬ್ಲೂಟೂತ್ ಆನ್ ಇದೆಯಾ ನೋಡಿ.

ಫೋನಿನಲ್ಲಿ ಮಾತಾಡುವಾಗ ಅಥವಾ ಹಾಡು ಹಾಕಿದಾಗ ಧ್ವನಿಯೆಲ್ಲ ವಾಚಿಗೆ ಹೋಗುತ್ತದೆ ಅನ್ನುವುದು ಇನ್ನೊಂದು ದೂರು. ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ವಾಚಿನ ಹೆಸರಿನ ಪಕ್ಕದ ಹಲ್ಲುಚಕ್ರದ ಚಿಹ್ನೆ ಒತ್ತಿ. 'ಮೀಡಿಯಾ ಆಡಿಯೋ' ಆಫ್ ಮಾಡಿದರೆ ಹಾಡು ಫೋನಿನಲ್ಲೇ ಉಳಿಯುತ್ತದೆ. ಕಾಲ್ ಕೂಡ ಬೇಡ ಅಂದರೆ ಅದನ್ನೂ ಆಫ್ ಮಾಡಿ. ಮೆಸೇಜ್, ಹೆಜ್ಜೆಗೆ ಇದರಿಂದ ಏನೂ ಆಗುವುದಿಲ್ಲ.

7. ಬಿಡಿಸಿ ಮತ್ತೆ ಸೇರಿಸುವುದು

ಇಲ್ಲಿಯವರೆಗೆ ಸರಿಯಾಗಲಿಲ್ಲ ಅಂದರೆ ಪೇರಿಂಗ್ ಹೊಸದಾಗಿ ಮಾಡೋಣ. ಪೇರಿಂಗ್ ಅಂದರೆ ಫೋನು, ವಾಚು ಒಂದನ್ನೊಂದು ಗುರುತು ಮಾಡಿಕೊಳ್ಳುವುದು. ಇದರಲ್ಲಿ ಕ್ರಮ ಮುಖ್ಯ. ಹಿಂದೆಮುಂದೆ ಮಾಡಿದರೆ ಹಳೆಯ ಗುರುತು ಒಂದು ಕಡೆ ಉಳಿದು, ಹೊಸದು ಕೂರುವುದಿಲ್ಲ.

ಮೊದಲು ಆ್ಯಪ್‌ಗೆ ಲಾಗಿನ್ ಆಗಿದ್ದೀರಾ ನೋಡಿ. ವಾಚು ಸ್ವಲ್ಪ ಹೊತ್ತಾದರೂ ಸೇರುತ್ತಿದ್ದರೆ ಸಿಂಕ್ ಮಾಡಿ. ಆಮೇಲೆ ಆ್ಯಪ್ ಒಳಗೆ ವಾಚನ್ನು ತೆಗೆಯಿರಿ. ಅಲ್ಲಿ 'ಅನ್‌ಬೈಂಡ್' ಅಥವಾ 'ರಿಮೂವ್ ಡಿವೈಸ್' ಅಂತ ಇರುತ್ತದೆ. ನಂತರ ಫೋನಿನ ಬ್ಲೂಟೂತ್ ಪಟ್ಟಿಗೆ ಹೋಗಿ ವಾಚಿನ ಹೆಸರನ್ನು 'ಫರ್ಗೆಟ್' ಮಾಡಿ. ಎರಡು ಹೆಸರಿದ್ದರೆ ಎರಡನ್ನೂ. ಈಗ ವಾಚಿನಲ್ಲಿ ರೀಸೆಟ್ ಮಾಡಿ. ಫೋನ್ ರೀಸ್ಟಾರ್ಟ್ ಮಾಡಿ. ಕೊನೆಗೆ ಆ್ಯಪ್ ತೆರೆದು, ಅಲ್ಲಿಂದಲೇ 'ಆ್ಯಡ್ ಡಿವೈಸ್' ಒತ್ತಿ. ವಾಚನ್ನು ಫೋನಿನ ಪಕ್ಕದಲ್ಲೇ ಇಟ್ಟುಕೊಳ್ಳಿ. ಎರಡೂ ಕಡೆ ಬರುವ ಪ್ರಶ್ನೆಗೆ ಒಪ್ಪಿಗೆ ಒತ್ತಿ.

ತುಂಬಾ ಜನ ಎಡವುವ ಜಾಗ ಇದು: ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಿಂದ ವಾಚನ್ನು ಪೇರ್ ಮಾಡಬೇಡಿ. ಹಾಗೆ ಮಾಡಿದರೆ ಫೋನ್ ಅದನ್ನು ಹೆಡ್‌ಸೆಟ್ ಹಾಗೆ ಹಿಡಿದುಕೊಳ್ಳಬಹುದು, ಆ್ಯಪ್‌ಗೆ ಸಿಗದೆ ಹೋಗಬಹುದು. ಯಾವಾಗಲೂ ಆ್ಯಪ್ ಒಳಗಿಂದಲೇ ಶುರು ಮಾಡಿ.

ವಾಚನ್ನು ನಡೆಸುವ ಗೂಗಲ್‌ನ ಸಾಫ್ಟ್‌ವೇರ್ 'ವೇರ್ ಓಎಸ್' ಇರುವ ವಾಚಾದರೆ ಹೊಸ ಫೋನಿಗೆ ಸೇರಿಸಲು ಮೊದಲು ರೀಸೆಟ್ ಮಾಡಲೇಬೇಕಿತ್ತು. 2023ರ ವೇರ್ ಓಎಸ್ 4ರಿಂದ ರೀಸೆಟ್ ಇಲ್ಲದೆ ಹೊಸ ಫೋನಿಗೆ ವರ್ಗಾಯಿಸುವ ಸೌಕರ್ಯ ಬಂದಿದೆ. ರೀಸೆಟ್ ಒತ್ತುವ ಮೊದಲು ಅದನ್ನು ಹುಡುಕಿ ನೋಡಿ.

8. ಇಷ್ಟಾದರೂ ಬಗ್ಗದಿದ್ದರೆ

ಆ್ಯಪ್‌ನ ಮಾಹಿತಿ ಪುಟದ 'ಸ್ಟೋರೇಜ್'ನಲ್ಲಿ 'ಕ್ಲಿಯರ್ ಕ್ಯಾಶ್' ಒತ್ತಿ. ಕ್ಯಾಶ್ ಅಂದರೆ ಆ್ಯಪ್ ತನ್ನ ಅನುಕೂಲಕ್ಕೆ ಇಟ್ಟುಕೊಂಡ ತಾತ್ಕಾಲಿಕ ಕಡತಗಳು, ಹೋದರೆ ನಷ್ಟವಿಲ್ಲ. ಪಕ್ಕದಲ್ಲಿರುವ 'ಕ್ಲಿಯರ್ ಡೇಟಾ' ಬೇರೆ. ಅದನ್ನು ಒತ್ತಿದರೆ ಆ್ಯಪ್ ಅಳಿಸಿದ ಹಾಗೆಯೇ. ಬೆರಳು ತಪ್ಪದಿರಲಿ.

ಆ್ಯಪ್‌ಗೆ, ವಾಚಿನ ಫರ್ಮ್‌ವೇರ್‌ಗೆ ಅಪ್‌ಡೇಟ್ ಇದ್ದರೆ ಹಾಕಿ. ಫರ್ಮ್‌ವೇರ್ ಅಂದರೆ ವಾಚಿನೊಳಗೇ ಇರುವ, ಅದನ್ನು ನಡೆಸುವ ಸಾಫ್ಟ್‌ವೇರ್. ಅದು ಹೋಗುತ್ತಿರುವಾಗ ಆ್ಯಪ್ ಮುಚ್ಚಬೇಡಿ, ವಾಚನ್ನು ಬಿಟ್ಟು ದೂರ ಹೋಗಬೇಡಿ. ಅರ್ಧಕ್ಕೆ ನಿಂತರೆ ವಾಚೇ ಹಾಳಾಗಬಹುದು.

ಫೋನಿನಲ್ಲಿ ವೈಫೈ, ಬ್ಲೂಟೂತ್ ಎರಡನ್ನೂ ಒಟ್ಟಿಗೆ ರೀಸೆಟ್ ಮಾಡುವ ಸೌಕರ್ಯವೂ ಇದೆ, ಸೆಟ್ಟಿಂಗ್ಸ್‌ನ ರೀಸೆಟ್ ಭಾಗದಲ್ಲಿ ಸಿಗುತ್ತದೆ. ಅದನ್ನು ಮಾಡಿದರೆ ಮನೆಯ ವೈಫೈ ಪಾಸ್‌ವರ್ಡ್, ಇಯರ್‌ಫೋನ್, ಕಾರಿನ ಜೋಡಣೆ ಎಲ್ಲ ಹೋಗುತ್ತದೆ. ಪಾಸ್‌ವರ್ಡ್ ಬರೆದಿಟ್ಟುಕೊಂಡೇ ಮಾಡಿ. ಆ್ಯಪ್ ಅಳಿಸಿ ಹಾಕುವ ಸರದಿ ಬರುವುದು ಇದೂ ಆದ ಮೇಲೆ.

ಆ್ಯಪ್‌ನಿಂದ ಸರಿಯಾಗದ ಎರಡು ಸಂಗತಿ

ಕನ್ನಡ ಮೆಸೇಜ್ ವಾಚಿನಲ್ಲಿ ಚೌಕ ಚೌಕವಾಗಿ ಬರುತ್ತದೆ, ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ ಅಂತ ಬಹಳ ಜನ ಬೇಸರಪಡುತ್ತಾರೆ. ನನಗೂ ಅದೇ ಬೇಸರ. ಅಮ್ಮ ಕನ್ನಡದಲ್ಲಿ ಬರೆದದ್ದು ಕೈಮೇಲೆ ಕನ್ನಡದಲ್ಲೇ ಕಾಣಬೇಕು, ಅಲ್ವಾ? ಆ ವಾಚಿನೊಳಗೆ ಕನ್ನಡದ ಅಕ್ಷರಗಳಿಲ್ಲ, ಅಥವಾ ಅಕ್ಷರ ಕೂಡಿಸುವುದು ಅದಕ್ಕೆ ಬರುವುದಿಲ್ಲ. ಫರ್ಮ್‌ವೇರ್ ಅಪ್‌ಡೇಟ್‌ನಲ್ಲಿ ಸರಿಯಾದರೆ ಸರಿ, ಇಲ್ಲದಿದ್ದರೆ ಫೋನಿನ ಯಾವ ಸೆಟ್ಟಿಂಗ್‌ನಿಂದಲೂ ಆಗದು. ಸದ್ಯಕ್ಕೆ ಮುಖ್ಯವಾದವರ ಹೆಸರನ್ನಾದರೂ ಕಾಂಟ್ಯಾಕ್ಟ್ಸ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಉಳಿಸಿ, ಕಾಲ್ ಬಂದಾಗ ಯಾರು ಅಂತ ಗೊತ್ತಾಗುತ್ತದೆ. ಹೊಸ ವಾಚು ಕೊಳ್ಳುವವರು ಅಂಗಡಿಯಲ್ಲೇ ಒಂದು ಕನ್ನಡ ಮೆಸೇಜ್ ಕಳಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಇನ್ನೊಂದು ಉಪ್ಪುನೀರು. ನೀರು, ಧೂಳು ತಡೆಯುತ್ತದೆ ಅಂತ ಹೇಳುವ, ಡಬ್ಬಿಯ ಮೇಲಿನ ಐಪಿ68 ಅನ್ನುವ ಗುರುತು ಸಿಹಿನೀರಿನ ಪರೀಕ್ಷೆಯದು. ಕಡಲಿಗೆ ಇಳಿದು ಬಂದವರು, ದೋಣಿಯಲ್ಲಿ ಕೆಲಸ ಮಾಡುವವರು ವಾಚಿನ ಹಿಂಬದಿಯನ್ನು ಒಮ್ಮೆ ತಿರುಗಿಸಿ ನೋಡಿ. ಚಾರ್ಜ್ ಆಗುವ ಚಿಕ್ಕ ಲೋಹದ ಚುಕ್ಕಿಗಳ ಸುತ್ತ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಅದು ಉಪ್ಪು ಮತ್ತು ಬೆವರಿನ ಕೆಲಸ. ಚಾರ್ಜ್ ಸರಿಯಾಗಿ ಏರುವುದಿಲ್ಲ, ವಾಚು ಆರಿಹೋಗುತ್ತದೆ, ನಾವು ಆ್ಯಪನ್ನು ದೂರುತ್ತೇವೆ. ವಾಚನ್ನು ಆಫ್ ಮಾಡಿ ಒಣಗಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಬ್ಲೇಡು, ಪಿನ್ನು ಬೇಡ. ಒದ್ದೆ ಇರುವಾಗ ಚಾರ್ಜಿಗೆ ಹಾಕಬೇಡಿ. ಕಡಲಿಂದ ಬಂದ ದಿನ ಸಿಹಿನೀರಿನಿಂದ ತೊಳೆದು ಒರೆಸಿಟ್ಟರೆ ಇದು ಕಟ್ಟುವುದೇ ಇಲ್ಲ.

ಸರ್ವಿಸ್‌ಗೆ ಒಯ್ಯುವ ಮೊದಲು, ನಿಮ್ಮ ಫೋನಿನ ಬ್ಲೂಟೂತ್ ಆಫ್ ಮಾಡಿ, ಮನೆಯಲ್ಲಿರುವ ಇನ್ನೊಂದು ಫೋನಿನಲ್ಲಿ ಅದೇ ಆ್ಯಪ್ ಹಾಕಿ ವಾಚನ್ನು ಸೇರಿಸಿ ನೋಡಿ. ಅಲ್ಲಿ ಸೇರಿದರೆ ತೊಂದರೆ ನಿಮ್ಮ ಫೋನಿನದು, 3 ಮತ್ತು 4ನೇ ಹಂತವನ್ನು ತಿರುಗಿ ನೋಡಿ. ಅಲ್ಲೂ ಸೇರದಿದ್ದರೆ ವಾಚಿನದು. ಬಿಲ್ ಹುಡುಕಿ, ವಾರಂಟಿ ಇದೆಯಾ ನೋಡಿ. ಕಸ್ಟಮರ್ ಕೇರ್ ನಂಬರನ್ನು ಡಬ್ಬಿಯಿಂದ ಅಥವಾ ಆ್ಯಪ್ ಒಳಗಿಂದಲೇ ತಗೊಳ್ಳಿ, ಇಂಟರ್ನೆಟ್‌ನಲ್ಲಿ ಹುಡುಕಿದಾಗ ಮೊದಲು ಕಂಡ ನಂಬರಿಗೆ ಮಾಡಬೇಡಿ. ವಾಚು ಸರಿ ಮಾಡಲು ಯಾರಿಗೂ ನಿಮ್ಮ ಓಟಿಪಿ ಬೇಡ, ನಿಮ್ಮ ಫೋನಿನ ಪರದೆ ನೋಡುವ ಆ್ಯಪ್ ಕೂಡ ಬೇಡ. ಕೇಳಿದರೆ ಫೋನ್ ಇಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.